ಕೋವಿ ಮಾರಿದರೆ ಮಾನ ಹೋದೀತೆ?

ಬಸರಾಳಿನ ಮಲ್ಲಿಕಾರ್ಜುನ ದೇವಾಲಯದ ಗೋಡೆಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ೧೨೩೪ರಲ್ಲಿ, ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, ಹರಿಹರ ದಂಡನಾಯಕನು ಕಟ್ಟಿಸಿದ ಗುಡಿ ಅದು. ನಾವು ಈ ವಾರ ಬರೆಯಹೊರಟಿರುವುದು ಅದೇ ಹೋಬಳಿಯ ಇನ್ನೊಂದು ಗೋಡೆಯ ವಿಚಾರ. ಅದನ್ನು ನೋಡಲು ಯಾರೂ ಬರುವುದಿಲ್ಲ. ಸಾಲ ಕೇಳಲು ಬರುವವರು ಮಾತ್ರ ನೋಡುತ್ತಾರೆ.

ಹಳೆಯ ಪಟೇಲರ ಮನೆ. ಹೆಸರು ಬೇಡ. ತೊಟ್ಟಿಮನೆ, ಒಂದು ಕಡೆಯ ಹೆಂಚು ಜಾರಿ ನಾಲ್ಕು ಮಳೆಗಾಲ ಕಳೆದಿದೆ. ನಡುಮನೆಯ ಗೋಡೆಯ ಮೇಲೆ ಒಂದು ಜೊತೆ ಕಡವೆಯ ಕೊಂಬು, ಅದರ ಕೆಳಗೆ ಸತ್ತ ಚಿರತೆಯ ಪಕ್ಕದಲ್ಲಿ ಮೀಸೆ ತಿರುವಿ ನಿಂತ ತಾತನ ಪಟ, ಅದರ ಕೆಳಗೆ ಎರಡು ಕೋವಿ: ಒಂದು ಕೇಪಿನದು, ಒಂದು ಜೋಡಿ ನಳಿಗೆಯದು. ತಾತನ ಕಾಲಕ್ಕೆ ಏಳು ಇದ್ದವಂತೆ. ಅಣ್ಣತಮ್ಮಂದಿರ ಪಾಲಿನಲ್ಲಿ ಕೆಲವು ಹೋದವು. ಉಳಿದ ಮೂರರಲ್ಲಿ ಒಂದು ೨೦೨೦ರಿಂದ ಪೋಲೀಸು ಠಾಣೆಯ ಕೋಣೆಯಲ್ಲಿದೆ. ಅದರ ಕಥೆಯನ್ನು ಮುಂದೆ ಹೇಳುತ್ತೇವೆ.

ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಕೊಳವೆಬಾವಿ ತೋಡಿಸಿದ ಸಾಲ, ನೀರು ಬಾರದೆ ಮತ್ತೊಂದು ತೋಡಿಸಿದ ಸಾಲ, ಮೊಮ್ಮಗಳ ಕಾಲೇಜಿನ ಸಾಲ, ಈ ಮೂರರ ಬಡ್ಡಿ ಕಟ್ಟಲು ಮಾಡಿದ ಕೈಸಾಲ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. "ಕೋವಿ ಮಾರಿ ಸ್ವಲ್ಪ ಹಗುರ ಮಾಡಿಕೊಳ್ಳಬಾರದೇ?" ಎಂದು ನಾವು ಕೇಳಿದೆವು.

"ಸಾಲ ಐತೆ, ಸುಳ್ಳಾಕೆ ಹೇಳ್ಲಿ. ಹೊಲ ಮಾರು ಅಂದ್ರೆ ಅರ್ಧ ಎಕರೆ ಮಾರ್ತೀನಿ ಕಣಪ್ಪ. ಕೋವಿ ಮಾರ್ಬುಟ್ರೆ ನಮ್ಮಪ್ಪನ್ನೇ ಮಾರ್ದಂಗಾಯ್ತದೆ" ಎಂದರು.

ಒಳಗಿನಿಂದ ಅವರ ಹೆಂಡತಿಯ ದನಿ ಕೇಳಿಸಿತು: "ನನ್ ವಾಲೆ ಮಾರ್ದಾಗ ಯಾರ್ನೂ ಮಾರ್ದಂಗಾಗ್ಲಿಲ್ವಾ?"

ಯಜಮಾನರು ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ. ಈ ಲೇಖನವನ್ನು ಆ ಅಮ್ಮನ ಪ್ರಶ್ನೆಯೇ ಬರೆಸುತ್ತಿದೆ.

ನಮ್ಮ ಸೀಮೆಯ ಸಾಲಗಾರನ ಮನೆಯಿಂದ ಸಾಮಾನು ಹೊರಡುವ ಕ್ರಮವನ್ನು ಗಮನಿಸಿ. ಮೊದಲು ಹೊರಡುವುದು ಹೆಂಗಸಿನ ಕಿವಿಯದು, ಕೈಯದು. ಆಮೇಲೆ ಹಿತ್ತಾಳೆ ತಾಮ್ರದ ಹಂಡೆ ಕೊಳಗ. ಆಮೇಲೆ ಹಸು, ಆಮೇಲೆ ಎತ್ತು. ಆಮೇಲೆ ಊರಾಚೆಯ ಹೊಲ, ಕೊನೆಗೆ ಊರ ಮುಂದಿನ ಗದ್ದೆ. ಹಾಲು ಕೊಡುವುದು ಹೋಯಿತು, ಉಳುವುದು ಹೋಯಿತು, ಬೆಳೆಯುವುದು ಹೋಯಿತು. ಇಷ್ಟು ಹೋದ ಮೇಲೂ ಗೋಡೆಯ ಮೇಲೆ ಉಳಿಯುವುದು ಏನನ್ನೂ ಕೊಡದ, ವರ್ಷಕ್ಕೊಮ್ಮೆ ಎಣ್ಣೆಯನ್ನು ಮಾತ್ರ ಕುಡಿಯುವ ಕೋವಿ! ಕಾರಖಾನೆ ನಿಂತಾಗ ಕಾರ್ಮಿಕನ ಮನೆಯಲ್ಲಿ ಹೀಗಾಗುವುದಿಲ್ಲ, ಏಕೆಂದರೆ ಅವನ ಗೋಡೆಯ ಮೇಲೆ ಕ್ಯಾಲೆಂಡರು ಬಿಟ್ಟು ಬೇರೇನೂ ಇರುವುದಿಲ್ಲ. ಮಂಡ್ಯದ ಸಕ್ಕರೆ ಕಾರಖಾನೆ ಕೆಲವು ವರ್ಷ ನಿಂತು ೨೦೨೨ರಲ್ಲಿ ಮತ್ತೆ ಹೊಗೆಯಾಡಿತು. ನಿಂತಿದ್ದ ಆ ವರ್ಷಗಳಲ್ಲಿ ಯಾರ ಮನೆಯಿಂದ ಏನೇನು ಗಿರವಿಗೆ ಹೋಯಿತೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಕೋವಿ ಏಕೆ ಕಡೆಯವರೆಗೆ ಉಳಿಯುತ್ತದೆ? ಅದು ವಸ್ತುವಲ್ಲ, ಅಧಿಕಾರದ ಕುರುಹು. ಜೋಡಿದಾರನಿಗೆ ಇನಾಂ ಇತ್ತು. ೧೯೫೪ರ ಇನಾಂ ರದ್ದಿಯಾತಿ ಕಾನೂನಿನಿಂದ ಅದು ಹೋಯಿತು. ಪಟೇಲನಿಗೆ ವಂಶಪಾರಂಪರ್ಯದ ಪಟೇಲಿಕೆ ಇತ್ತು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು ೧೯೬೩ರಲ್ಲಿ ಜಾರಿಗೆ ಬಂದು ಅದೂ ಹೋಯಿತು. ಗೇಣಿದಾರರಿದ್ದರು, ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು ಗೇಣಿದಾರನೇ ಒಡೆಯನಾದ. ಈ ಮೂರು ಕಾನೂನುಗಳೂ ಗೋಡೆಯವರೆಗೆ ಬಂದವು, ಗೋಡೆಯನ್ನು ಮುಟ್ಟಲಿಲ್ಲ. ದಫ್ತರ ಹೋಯಿತು, ಗೇಣಿ ಹೋಯಿತು, ಚಾವಡಿಯ ಮಾತು ಹೋಯಿತು. ಕೋವಿ ಒಂದು ಉಳಿಯಿತು. ಆದುದರಿಂದ ಅದನ್ನು ಕೆಳಗಿಳಿಸುವುದೆಂದರೆ ಪಟೇಲಿಕೆ ಹೋಯಿತೆಂಬುದನ್ನು ಅರವತ್ತು ವರ್ಷ ತಡವಾಗಿ ಒಪ್ಪಿಕೊಂಡಂತೆ.

ಇದರಲ್ಲಿ ನಮಗೇನು ಎಂದು ವರ್ತಕ ಮಿತ್ರರು ಕೇಳಬಹುದು. ನಿಮಗೇ ಹೆಚ್ಚು! ಇಂಥ ಮನೆಗಳ ಉದ್ರಿ ಲೆಕ್ಕ ಯಾರ ಪುಸ್ತಕದಲ್ಲಿದೆ? ಸಂಘದ ಸಾಲಕ್ಕೆ ನೋಟಿಸು ಬರುತ್ತದೆ, ಬ್ಯಾಂಕಿನ ಸಾಲಕ್ಕೆ ಜೀಪು ಬರುತ್ತದೆ. ಬೇಳೆ ಬೆಲ್ಲ ಕೊಟ್ಟ ಚಿಲ್ಲರೆ ಅಂಗಡಿಯವನು, ಗೊಬ್ಬರ ಕೊಟ್ಟವನು, ಮದುವೆಗೆ ಶಾಮಿಯಾನ ಹಾಕಿದವನು, ಇವರು ಬಾಕಿ ಕೇಳಲು ಆ ನಡುಮನೆಗೆ ಹೋಗಿ ಕೂರಬೇಕು. ಕೂತರೆ ಎದುರಿಗೆ ಚಿರತೆ, ಕೊಂಬು, ಜೋಡಿ ನಳಿಗೆ. "ಬರೋ ಸುಗ್ಗೀಲಿ ನೋಡ್ಮ ಹೋಗಪ್ಪ" ಎಂಬ ಮಾತಿಗೆ ಮರುಮಾತು ಆ ಗೋಡೆಯ ಮುಂದೆ ಹುಟ್ಟುವುದಿಲ್ಲ. ಯಜಮಾನರು ಸಾಧುಗಳೇ ಇರಬಹುದು, ಈ ಯಜಮಾನರು ಸಾಧುಗಳೇ. ಆದರೂ ಮಾತಾಡುವುದು ಗೋಡೆ. ಗುಂಡು ಹಾರಿಸದೆಯೇ ಕೆಲಸ ಮಾಡುವ ಕೋವಿ ಅದು.

ಲೆಕ್ಕವನ್ನೂ ಮಾಡಿ ನೋಡೋಣ. ಒಂದು ಕೋವಿಗೆ ಇಪ್ಪತ್ತು ಸಾವಿರ ಬರುತ್ತದೆಂದು ಇಟ್ಟುಕೊಳ್ಳಿ. ನೂರಕ್ಕೆ ಮೂರರ ಸಾಲದಲ್ಲಿರುವವನು ಅದನ್ನು ಮಾರದೆ ಗೋಡೆಗೆ ತೂಗುಹಾಕಿದರೆ ತಿಂಗಳಿಗೆ ಆರುನೂರು ರೂಪಾಯಿ ಬಾಡಿಗೆ ಕೊಟ್ಟು ತೂಗುಹಾಕಿದಂತಾಯಿತು. ವರ್ಷಕ್ಕೆ ೭,೨೦೦. ಮೂರು ವರ್ಷ ತುಂಬುವುದರೊಳಗೆ ಕೋವಿಯ ಬೆಲೆಯಷ್ಟೇ ಬಡ್ಡಿಯಾಗಿ ಸಾಹುಕಾರನ ಪೆಟ್ಟಿಗೆ ಸೇರಿರುತ್ತದೆ, ಕೋವಿ ಮಾತ್ರ ಮೂರು ವರ್ಷ ಹಳೆಯದಾಗಿರುತ್ತದೆ. ತಂದೆಯ ನೆನಪಿಗೆ ಇಷ್ಟು ಬೆಲೆ ತೆರಬೇಕೆಂದು ಯಾವ ತಂದೆಯೂ ಕೇಳಿಕೊಳ್ಳಲಾರ.

ಬೇಟೆಯ ಅಭಿಮಾನ ನಮ್ಮ ಜಿಲ್ಲೆಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಹತ್ತನೆಯ ಶತಮಾನದ್ದು. ೯೪೯ರ ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳು ಎಂದನಂತೆ. ಮಣಲೇರನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಎರಡೂ ಕೂಡಿ ಸತ್ತವು. ನಾಯಿಗೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ಎಂದು ಬರೆಸಿದರು. ನಾಯಿಯ ಮೇಲಿನ ಅವನ ಪ್ರೀತಿಗೆ ನಾವು ಕೈಮುಗಿಯುತ್ತೇವೆ. ಆದರೆ ಆ ಭೂಮಿಯನ್ನು ಉತ್ತವನ ಹೆಸರು ಕಲ್ಲಿನ ಮೇಲೆ ಇಲ್ಲವೆಂಬುದನ್ನೂ ಗಮನಿಸುತ್ತೇವೆ.

ಸಾವಿರ ವರ್ಷದ ನಂತರವೂ ಕಥೆ ಅಷ್ಟೇ. ಬಂಡೀಪುರ, ನಾಗರಹೊಳೆಗಳು ಅರಸರ ಬೇಟೆಯ ಕಾಡುಗಳಾಗಿದ್ದವು. ಅರಸರು ಹೊಡೆದರೆ ಷಿಕಾರಿ, ಕಾಡಂಚಿನವನು ಹೊಡೆದರೆ ಕಳ್ಳಬೇಟೆ. ತಮಟೆ ಬಡಿದು, ಮುಳ್ಳು ತುಳಿದು, ಮೃಗವನ್ನು ಎಬ್ಬಿಸಿ ದೊರೆಯ ಕೋವಿಯ ಮುಂದಕ್ಕೆ ತಂದವರು ಪಟದಲ್ಲಿ ಇರುವುದಿಲ್ಲ. ಇದ್ದರೂ ಹಿಂದಿನ ಸಾಲಿನಲ್ಲಿ, ಮುಖ ತಿಳಿಯದಂತೆ. ಹೊಡೆದದ್ದಕ್ಕೆ ಮೈಸೂರಿನ ವಾನ್ ಇಂಗೆನ್ ಕಾರ್ಯಾಗಾರದಲ್ಲಿ ಜೀವಕಳೆ ಕೊಡುತ್ತಿದ್ದರು. ನಮ್ಮ ಪಟೇಲರ ಮನೆಗಳು ಅರಮನೆಯ ಈ ಗೋಡೆಯನ್ನು ನೋಡಿಯೇ ತಮ್ಮ ಗೋಡೆಯನ್ನು ಸಿಂಗರಿಸಿಕೊಂಡವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಬೇಟೆಯೇ ನಿಂತಿತು. ಕೊಂಬು ಚರ್ಮಗಳನ್ನು ಇಂದು ಮಾರುವಂತಿಲ್ಲ, ಮಾರಿದರೆ ಜೈಲು. ಆದುದರಿಂದ ಸಾಲಗಾರನ ಗೋಡೆಯ ಮೇಲೆ ಹಣವಾಗಬಲ್ಲದ್ದು ಕೋವಿಯೊಂದೇ.

ದೊಡ್ಡವರ ಕೋವಿ ದೊಡ್ಡವರ ಸಾಲದ ಮಾತೂ ಬರಲಿ. ನಮ್ಮ ಶ್ರೀರಂಗಪಟ್ಟಣದಲ್ಲಿ ೧೭೯೨ರಲ್ಲಿ ಟೀಪು ಸುಲ್ತಾನನು ಒಪ್ಪಂದಕ್ಕೆ ಸಹಿ ಹಾಕಿ ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ೩ ಕೋಟಿ ೩೦ ಲಕ್ಷ ರೂಪಾಯಿ ದಂಡದ ಸಾಲವನ್ನು ತಲೆಯ ಮೇಲೆ ಹೊತ್ತನು. ಹಣ ತೀರುವವರೆಗೆ ಇಬ್ಬರು ಚಿಕ್ಕ ಮಕ್ಕಳು ಕಾರ್ನವಾಲಿಸನ ಬಳಿ ಒತ್ತೆ. ಲೋಕದಲ್ಲಿ ಗಿರವಿ ಅಂಗಡಿಗಳು ಎಷ್ಟೋ ಇವೆ, ಮಕ್ಕಳನ್ನು ಗಿರವಿ ಇಟ್ಟುಕೊಂಡ ಅಂಗಡಿ ಕಂಪನಿ ಸರ್ಕಾರದ್ದು! ಆ ಹಣ ಖಜಾನೆಯಿಂದಷ್ಟೇ ಬರಲಿಲ್ಲ, ಪ್ರಜೆಗಳ ಮೇಲೆ ಹಾಕಿದ ವಂತಿಗೆಯಿಂದಲೂ ಬಂತು. ಮಕ್ಕಳು ಹಿಂತಿರುಗಿದ್ದು ೧೭೯೪ರಲ್ಲಿ. ಅದೇ ೧೭೯೩–೯೪ರಲ್ಲಿ ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿ ಸುಲ್ತಾನನಿಗಾಗಿ ಒಂದು ಬೇಟೆಯ ಕೋವಿಯನ್ನು ಮಾಡಿದನು. ೧೭೯೯ರಲ್ಲಿ ಪಟ್ಟಣ ಬಿದ್ದಾಗ ಕೊಳ್ಳೆಯನ್ನು ಹರಾಜು ಹಾಕಿ ಸಿಪಾಯಿಯಿಂದ ಸೇನಾಪತಿಯವರೆಗೆ ದರ್ಜೆಯ ಪ್ರಕಾರ ಹಂಚಿಕೊಂಡರು. ಅಸದ್ ಖಾನನ ಆ ಕೋವಿ ಕಾರ್ನವಾಲಿಸನಿಗೆ ಕಾಣಿಕೆಯಾಗಿ ಹೋಯಿತೆಂದು ಹೇಳುತ್ತಾರೆ. ೨೦೨೩ರಲ್ಲಿ ಬ್ರಿಟಿಷ್ ಸರ್ಕಾರ ಅದು ತಮ್ಮ ದೇಶದಿಂದಾಚೆ ಹೋಗದಂತೆ ಕೆಲವು ತಿಂಗಳು ತಡೆಹಿಡಿಯಿತು. ಅದಕ್ಕೆ ಕಟ್ಟಿದ ಬೆಲೆ ೨೦ ಲಕ್ಷ ಪೌಂಡು, ಅಂದರೆ ಸುಮಾರು ೨೦ ಕೋಟಿ ರೂಪಾಯಿ. ಅದಕ್ಕೂ ಮೊದಲು, ೨೦೧೫ರಲ್ಲಿ, ಲಂಡನ್ನಿನಲ್ಲಿ ಟೀಪುವಿನ ಕಾಲದ ಕತ್ತಿ ಕೋವಿಗಳ ಒಂದು ಸಂಗ್ರಹವನ್ನು ಹರಾಜು ಹಾಕಿದಾಗ ೬೦ ಲಕ್ಷ ಪೌಂಡಿಗೂ ಮೀರಿ ಬಂತು. ಅಸದ್ ಖಾನನ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಅದರಲ್ಲಿ ಎಷ್ಟು ಪಾಲು ಹೋಯಿತು?

ಅಲ್ಲಿ ಕೊಂಡವರೂ ನಮ್ಮವರೇ ಇದ್ದರು. ಬೆಂಗಳೂರಿನ ಮದ್ಯದ ಉದ್ಯಮಿ ವಿಜಯ್ ಮಲ್ಯ ೨೦೦೩ರ ಹರಾಜಿನಲ್ಲಿ ಟೀಪುವಿನ ಕತ್ತಿಯನ್ನು ಕೊಂಡುತಂದರೆಂದು ಪತ್ರಿಕೆಗಳೆಲ್ಲ ಹೊಗಳಿದವು. ಆಮೇಲೆ ವಿಮಾನ ಕಂಪನಿ ಮುಳುಗಿತು, ಬ್ಯಾಂಕುಗಳು ಸುಮಾರು ೯,೦೦೦ ಕೋಟಿ ರೂಪಾಯಿ ಬಾಕಿಯೆಂದವು, ೨೦೧೬ರ ಮಾರ್ಚಿಯಲ್ಲಿ ಅವರು ದೇಶ ಬಿಟ್ಟರು. ಕತ್ತಿ ಎಲ್ಲಿ ಎಂಬ ಮಾತು ೨೦೧೮ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಬಂದಾಗ, ಅಪಶಕುನವೆಂದು ಮನೆಯವರು ಹೇಳಿದ್ದರಿಂದ ೨೦೧೬ರಲ್ಲೇ ಯಾರಿಗೋ ಕೊಟ್ಟುಬಿಟ್ಟರೆಂಬ ಉತ್ತರ ಬಂತು. ಸಾಲಗಾರನು ತನ್ನ ಆಯುಧವನ್ನು ಸಾಲಕ್ಕಾಗಿ ಮಾರಲಿಲ್ಲ, ದಾನ ಮಾಡಿದನು! ಬಸರಾಳಿನ ಅಂಗಡಿಯವನ ಬಳಿ ನಮ್ಮ ಯಜಮಾನರು ಇಂಥ ಉತ್ತರ ಕೊಟ್ಟಿದ್ದರೆ ಊರಿನವರು ಏನೆನ್ನುತ್ತಿದ್ದರು?

ಈಗ ಕಾನೂನಿನ ಮಾತು. ಮಾರಬೇಕೆಂದು ಮನಸ್ಸು ಮಾಡಿದವನನ್ನು ಸರ್ಕಾರ ಎಷ್ಟು ಸುತ್ತಿಸುತ್ತದೆಂಬುದು ಇಲ್ಲಿ ಗೊತ್ತಾಗುತ್ತದೆ. ೧೯೫೯ರ ಆಯುಧ ಕಾನೂನು ೧೯೬೨ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ೧೯೮೩ರ ತಿದ್ದುಪಡಿಯಿಂದ ಒಬ್ಬನಿಗೆ ಮೂರೇ ಕೋವಿ ಎಂದಾಯಿತು. ೨೦೧೯ರಲ್ಲಿ ಕೇಂದ್ರ ಸರ್ಕಾರ ಒಂದಕ್ಕೆ ಇಳಿಸಹೊರಟು, ವಿರೋಧ ಬಂದಾಗ ಎರಡಕ್ಕೆ ನಿಂತಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿಯುಳ್ಳ ಕೋವಿ ವರ್ತಕನ ಬಳಿಗೋ ಒಪ್ಪಿಸಬೇಕಾಯಿತು. ನಮ್ಮ ಯಜಮಾನರ ಮೂರನೆಯ ಕೋವಿ ಠಾಣೆ ಸೇರಿದ್ದು ಹೀಗೆ. ಒಪ್ಪಿಸಿದ ಕೋವಿಯನ್ನು ಗಡುವಿನೊಳಗೆ ಅರ್ಹನಾದವನಿಗೆ ಮಾರಿ ಹಣ ಪಡೆಯುವ ಹಕ್ಕು ಒಡೆಯನಿಗೆ ಇದೆ. ಗಡುವು ಮೀರಿದರೆ ಅದು ಸರ್ಕಾರಕ್ಕೆ ಮುಟ್ಟುಗೋಲು, ಆದರೆ ಅದಕ್ಕೆ ಮೊದಲು ಜಿಲ್ಲಾ ದಂಡಾಧಿಕಾರಿಗಳು ಒಡೆಯನಿಗೆ ನೋಟಿಸು ಕೊಟ್ಟು ಕಾರಣ ಕೇಳತಕ್ಕದ್ದು. ಈ ಹಕ್ಕಿನ ವಿಷಯವನ್ನು ಒಪ್ಪಿಸಿಕೊಂಡ ದಿನ ಅವರಿಗೆ ಯಾರೂ ಹೇಳಲಿಲ್ಲ. ಒಂದು ರಸೀತಿ ಕೊಟ್ಟರು, ಅಷ್ಟೆ. ರಸೀತಿ ಪೆಟ್ಟಿಗೆಯಲ್ಲಿದೆ, ಕೋವಿ ತುಕ್ಕಿನಲ್ಲಿದೆ.

ಗೋಡೆಯ ಮೇಲಿರುವುದನ್ನು ಮಾರಬೇಕಾದರೂ ಸಂತೆಗೆ ಹೊತ್ತೊಯ್ಯುವಂತಿಲ್ಲ. ಕೊಳ್ಳುವವನಿಗೆ ಪರವಾನಗಿ ಇರಬೇಕು. ಯಾರಿಗೆ ಯಾವ ಕೋವಿ ಎಂದು ಜಿಲ್ಲಾ ದಂಡಾಧಿಕಾರಿಗಳಿಗೋ ಹತ್ತಿರದ ಠಾಣೆಗೋ ಬರೆದುಕೊಟ್ಟು ೪೫ ದಿನ ಕಾಯಬೇಕು. ತಂದೆಯ ಹೆಸರಿನ ಪರವಾನಗಿ ತಂದೆಯ ಜೊತೆಗೇ ಹೋಯಿತು. ಮಗ ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಕೋವಿ ಇಟ್ಟುಕೊಂಡಿದ್ದರೆ ಮಾರಲು ಹೋದ ದಿನವೇ ಆರೋಪಿ. ಸಾಲದ ಅವಸರದಲ್ಲಿ ಯಾವನೋ ನಗದು ತೋರಿಸಿದನೆಂದು ರಾತ್ರೋರಾತ್ರಿ ಕೊಟ್ಟುಬಿಟ್ಟರೆ ಸಾಲದ ಜೊತೆಗೆ ಸೆರೆಮನೆ. ಇದನ್ನು ಒತ್ತಿ ಹೇಳುತ್ತೇವೆ. ಹಾಗೆಯೇ ನೂರು ವರ್ಷ ದಾಟಿದ ಕೋವಿ ೧೯೭೨ರ ಪುರಾತನ ವಸ್ತುಗಳ ಕಾನೂನಿನ ಲೆಕ್ಕದಲ್ಲಿ ಪುರಾತನ ವಸ್ತುವಾಗುತ್ತದೆ, ಹೊರದೇಶಕ್ಕೆ ಹೋಗುವಂತಿಲ್ಲ. ಹೋಗಬಾರದು, ಸರಿಯೇ. ಆದರೆ ಪರಿಣಾಮವೇನು? ಕೊಳ್ಳುವವರು ಬೆರಳೆಣಿಕೆಯಷ್ಟು, ಬೆಲೆ ಹೇಳುವವನು ಪೇಟೆಯ ಕೋವಿ ವರ್ತಕನೊಬ್ಬ. "ಇದನ್ಯಾರು ಸ್ವಾಮಿ ತಗೋತಾರೆ" ಎಂಬ ಒಂದೇ ಮಾತಿನಿಂದ ತಾತನ ಜೋಡಿ ನಳಿಗೆ ಹಳೇ ಕಬ್ಬಿಣದ ಬೆಲೆಗೆ ಇಳಿಯುತ್ತದೆ. ಲಂಡನ್ನಿನಲ್ಲಿ ಹಳೆಯದಾದಷ್ಟೂ ಬೆಲೆ ಏರುತ್ತದೆ, ಮಂಡ್ಯದಲ್ಲಿ ಹಳೆಯದಾದಷ್ಟೂ ಇಳಿಯುತ್ತದೆ.

ಇನ್ನೊಂದು ಕಾನೂನನ್ನೂ ಈ ಸಂದರ್ಭದಲ್ಲಿ ನೆನೆಯಬೇಕು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೬೦ನೆಯ ಕಲಮು. ಬ್ರಿಟಿಷರ ಕಾಲದ್ದು, ಆದರೂ ಅದರಲ್ಲಿ ಒಂದಿಷ್ಟು ಮನುಷ್ಯತ್ವವಿದೆ. ಡಿಕ್ರಿಯಾದ ಸಾಲಕ್ಕೂ ಜಪ್ತಿ ಮಾಡಕೂಡದ ವಸ್ತುಗಳನ್ನು ಅದು ಹೇಳುತ್ತದೆ: ಉಟ್ಟ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತಾರ, ಬೇಸಾಯಗಾರನ ನೇಗಿಲು, ಅವನ ಜೀವನಕ್ಕೆ ಬೇಕಾದ ದನ ಮತ್ತು ಬಿತ್ತನೆಯ ಕಾಳು, ಧರ್ಮದ ರೂಢಿಯಂತೆ ಹೆಂಗಸು ಬಿಟ್ಟಿರಲಾಗದ ಒಡವೆ. ಕೋವಿ ಆ ಪಟ್ಟಿಯಲ್ಲಿಲ್ಲ. ನ್ಯಾಯಾಲಯಕ್ಕೇ ಗೊತ್ತಿದೆ, ಯಾವುದು ಹೋದರೆ ಬದುಕು ನಿಲ್ಲುತ್ತದೆ, ಯಾವುದು ಹೋದರೆ ನಿಲ್ಲುವುದಿಲ್ಲವೆಂದು. ಅಮೀನನು ಮುಟ್ಟಲಾಗದ ಒಡವೆಯನ್ನು ಗಂಡನೇ ಬಿಚ್ಚಿಸಿ ಗಿರವಿ ಅಂಗಡಿಗೆ ಒಯ್ಯುತ್ತಾನೆ, ಅಮೀನನು ಒಯ್ಯಬಹುದಾದ ಕೋವಿಯನ್ನು ಪ್ರಾಣವೆಂದು ಕಾಯುತ್ತಾನೆ.

ಸಾಲದ ಕಾನೂನುಗಳೂ ಬಂದಿವೆ. ದೇವರಾಜ ಅರಸರ ಸರ್ಕಾರದ ೧೯೭೬ರ ಋಣಪರಿಹಾರ ಕಾನೂನು ಸಣ್ಣ ರೈತ, ಭೂಹೀನ ಕೂಲಿಗಾರ, ದುರ್ಬಲ ವರ್ಗದವರ ಸಾಲವನ್ನು ಅಳಿಸಿ ಗಿರವಿಯ ಸಾಮಾನನ್ನು ಹಿಂದಿರುಗಿಸಬೇಕೆಂದಿತು. ೨೦೨೫ರಲ್ಲಿ ಸಣ್ಣ ಸಾಲ ವಸೂಲಿಯ ದೌರ್ಜನ್ಯಕ್ಕೆ ಹತ್ತು ವರ್ಷದವರೆಗೆ ಸಜೆಯೆಂದು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಒಳ್ಳೆಯದೇ. ಆದರೆ ಮನೆ ಬಾಗಿಲಿಗೆ ಬಂದು ಕಿರುಕುಳ ಕೊಡುವವರ ವಿಚಾರ ಅದು. ತನ್ನದೇ ಗೋಡೆಯಿಂದ ಕಿರುಕುಳ ಪಡುವವನಿಗೆ ಕಾನೂನಿಲ್ಲ.

ಕೊಡಗಿನ ಮಾತು ಬೇರೆ. ಅಲ್ಲಿ ೧೮೬೧ರಿಂದ ಕೋವಿಗೆ ಪರವಾನಗಿಯ ವಿನಾಯಿತಿ ಇದೆ. ಕೈಲ್ ಪೋಳ್ದ್ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜಿಸುತ್ತಾರೆ, ಹುಟ್ಟಿಗೂ ಸಾವಿಗೂ ಗುಂಡು ಹಾರಿಸುತ್ತಾರೆ. ಅದು ಇಡೀ ಜನಾಂಗದ ನಡವಳಿಕೆ, ಒಬ್ಬ ಪಟೇಲನ ಗೋಡೆಯ ಶೃಂಗಾರವಲ್ಲ. ಅದನ್ನು ತಂದು ಇದಕ್ಕೆ ಹೋಲಿಸುವ ವಾದವನ್ನು ನಾವು ಒಪ್ಪುವುದಿಲ್ಲ.

"ಬೆಳೆ ಕಾಯೋಕೆ ಬೇಡವೇ?" ಎಂದು ಯಜಮಾನರ ಮಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಹಂದಿಯ ಕಾಟ ಸುಳ್ಳಲ್ಲ. ಆದರೆ ಕೊನೆಯ ಸಲ ಈಡು ಹಾರಿಸಿದ್ದು ಯಾವಾಗ ಎಂದು ನಾವು ಕೇಳಿದಾಗ ಅಪ್ಪ ಮಗ ಮುಖ ಮುಖ ನೋಡಿಕೊಂಡರು. ಒಂದೊಂದು ಚುನಾವಣೆ ಬಂದಾಗಲೂ ಕೋವಿಯನ್ನು ಠಾಣೆಗೆ ಹೊತ್ತು ಒಪ್ಪಿಸುವುದು, ಮುಗಿದ ಮೇಲೆ ಹೊತ್ತು ತರುವುದು. ಆ ಕೋವಿಗಳು ಈಗ ಮಾಡುತ್ತಿರುವ ಓಡಾಟವೆಲ್ಲ ಅಷ್ಟೇ. ನಿಜವಾಗಿ ಬೆಳೆ ಕಾಯುವವನು ಒಂದನ್ನು ಇಟ್ಟುಕೊಳ್ಳಲಿ, ನಮ್ಮದು ಆಕ್ಷೇಪಣೆಯಿಲ್ಲ. ಪಟವನ್ನು ಕಾಯುವುದಕ್ಕೆ ಎರಡು ಬೇಕಿಲ್ಲ.

ಜಿಲ್ಲೆಯ ಅಧಿಕಾರಿಗಳಿಗೆ ನಮ್ಮ ಒತ್ತಾಯ ಇದು. ಠಾಣೆಗಳಲ್ಲಿ ಬಿದ್ದಿರುವ ಕೋವಿಗಳ ಪಟ್ಟಿಯನ್ನು ತಾಲ್ಲೂಕು ಕಚೇರಿಯ ಹಲಗೆಯ ಮೇಲೆ ಹಾಕಿಸಿ, ಒಡೆಯರಿಗೆ ಅವರ ಹಕ್ಕನ್ನು ಕನ್ನಡದಲ್ಲಿ ಬರೆದು ತಿಳಿಸಬೇಕು. ಮಾರುವವರೂ ಪರವಾನಗಿಯುಳ್ಳ ಕೊಳ್ಳುವವರೂ ಒಂದೆಡೆ ಸೇರುವಂತೆ ವರ್ಷಕ್ಕೊಂದು ದಿನ ಗೊತ್ತುಮಾಡಿ, ಸರ್ಕಾರದ ಕಮ್ಮಾರಸಾಲೆಯವರಿಂದಲೇ ಬೆಲೆ ಕಟ್ಟಿಸಬೇಕು. ನೂರು ವರ್ಷ ಮೀರಿದ್ದನ್ನು ಸರ್ಕಾರವೇ ನ್ಯಾಯವಾದ ಬೆಲೆ ಕೊಟ್ಟು ಕೊಂಡು ವಸ್ತುಸಂಗ್ರಹಾಲಯದಲ್ಲಿ ಇಡಲಿ, ಮಾಡಿದ ಕೆಲಸಗಾರನ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಲಿ. ಟೀಪುವಿನ ಕೋವಿಗೆ ಬ್ರಿಟಿಷರು ತೋರುವ ಆಸ್ಥೆಯಲ್ಲಿ ನೂರರಲ್ಲೊಂದು ಪಾಲನ್ನು ನಮ್ಮವರು ನಮ್ಮ ಕೋವಿಗೆ ತೋರಿದರೆ ಸಾಕು.

ಯಜಮಾನರು ಮೊನ್ನೆ ಸೋಮವಾರ ಅರ್ಜಿ ಬರೆಸಿಕೊಂಡು ಹೋದರು. ಜೋಡಿ ನಳಿಗೆಗೆ ಪಕ್ಕದ ಹೋಬಳಿಯ ಪರವಾನಗಿದಾರರೊಬ್ಬರು ಒಪ್ಪಿದ್ದಾರೆ, ೪೫ ದಿನದ ಎಣಿಕೆ ಆರಂಭವಾಗಿದೆ. ಕೇಪಿನ ಕೋವಿಗೆ ಇನ್ನೂ ಗಿರಾಕಿಯಿಲ್ಲ. ಠಾಣೆಯಲ್ಲಿರುವುದರ ವಿಷಯವಾಗಿ ರಿಜಿಸ್ಟರು ನೋಡಿ ಹೇಳುತ್ತೇವೆ ಎಂದಿದ್ದಾರೆ. ಬಂದ ಹಣದಲ್ಲಿ ಅಂಗಡಿಯ ಬಾಕಿ ಮೊದಲು, ಕೈಸಾಲ ಆಮೇಲೆ ಎಂದು ಯಜಮಾನರು ಹೇಳಿದರು. ವಾಲೆಯ ಮಾತನ್ನು ಅವರೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ. ನಾವು ಎದ್ದು ಬರುವಾಗ ಆಕೆ ಗೋಡೆಯ ಮೇಲಿನ ಗೂಟವನ್ನು ನೋಡಿ, "ಇಲ್ಗೆ ಒಂದ್ ಗಡಿಯಾರ ನೇತಾಕ್ಬೋದು" ಎಂದರು.